ವಸ್ತಾದರ ಬಡಿಗಿ

ಇಳಕಲ್ಲಿನ ನಮ್ಮ ಓಣಿಯಾಗ ಬಡಿಗಿ ತಿರುವೂದು ಕಲಿಸೋ ವಸ್ತಾದರು ನೇಕಾರರು. ಮಗ್ಗದ ತಗ್ಗಿನಿಂದ ಎದ್ದು ಬಂದವರೇ ಧೋತರ ಎತ್ತಿ ಕಟ್ಟಿ, "ಕೈ ಸುಳ್ಳು ಹೇಳತೈತಿ, ಎದುರಿನವರ ಕಾಲು ನೋಡ್ರಿ" ಅಂತಿದ್ದರು. ಮುತ್ತಜ್ಜನ ಕಾಲದ ಬೆತ್ತದ ಬಡಿಗಿಯನ್ನ ಅವರ ಕೈಯಿಂದ ಕೆಡವಿದವರೇ ಮುಂದಿನ ವಸ್ತಾದ್ ಅನ್ನೂದು ಆ ಮನೆತನದ ಕಟ್ಟಳೆ. ವಸ್ತಾದರ ಅಣ್ಣತಮ್ಮಂದಿರ ಮಕ್ಕಳೆಲ್ಲ ಸೋತಿದ್ದರು.

ಆ ಮುಂಜಾನೆ ಅವರ ಮಗಳು ವೇಲ್ ನಡಕ್ಕ ಬಿಗಿದು ಎದುರು ನಿಂತಳು. ಬಡಿಗಿಗೆ ಬಡಿಗಿ ಟಕಟಕ ಬಡಿದವು. ಬಡಿಗಿ ಕಲಿಯೋ ನಾವು ಸಾಲಾಗಿ ನಿಂತು ನೋಡತಿದ್ವಿ. ಅಪ್ಪನ ಎಡಗಾಲು ಒಂದು ಬೆರಳಷ್ಟು ಸರಿದಿದ್ದೇ ತಡ, ಆಕಿ ಹೊಡೆದಳು. ಬೆತ್ತ ಹಾರಿ ಕಟ್ಟಿ ಮ್ಯಾಲೆ ಬಿತ್ತು.

ಅವರು ಅದನ್ನ ಎತ್ತಿ, ಹಣಿಗೆ ಮುಟ್ಟಿಸಿ, ಎರಡೂ ಕೈಲೆ ಮಗಳಿಗೆ ಕೊಟ್ಟರು. ಆಮ್ಯಾಲೆ ಸೀದಾ ಬಂದು ನಮ್ಮ ಸಾಲಿನ ತುದಿಗೆ, ನನ್ನ ಪಕ್ಕ ನಿಂತು, "ಹೇಳ್ರಿ ವಸ್ತಾದ್ರ, ಮೊದಲು ಯಾವ ಕಾಲು?" ಅಂದರು.