ರೆಪ್ಪೆಯ ಮೇಲಿನ ಹರಳೆಣ್ಣೆ

ಇದನ್ನು ನಂಬದವರೊಂದಿಗೆ ನಾನು ಜಗಳವಾಡುವುದಿಲ್ಲ. ಆ ರಾತ್ರಿ ಆ ಕೋಣೆಯಲ್ಲಿದ್ದವನು ನಾನು, ಅಷ್ಟು ಸಾಕು.

ತೊಂಬತ್ತರ ದಶಕ, ದೊಡ್ಡಬಳ್ಳಾಪುರ. ಮನೆಯ ಮುಂಭಾಗದಲ್ಲೇ ನಮ್ಮ ಎರಡು ಮಗ್ಗ. ಒಂದು ದಿನ ಓಡುತ್ತಿದ್ದ ಮಗ್ಗದಿಂದ ಲಾಳಿ ಸಿಡಿದು ತಂಗಿ ಶಾರದೆಯ ಎಡಗಣ್ಣು ಹೋಯಿತು. ಕೃತಕ ಕಣ್ಣು ಹಾಕಿಸಿದರೂ ಮೇಲಿನ ರೆಪ್ಪೆ ಜೋತುಬಿದ್ದು ಅರ್ಧ ಮುಚ್ಚಿಯೇ ಇರುತ್ತಿತ್ತು. ಸೆರಗನ್ನು ಮುಖಕ್ಕೆಳೆದುಕೊಂಡೇ ಓಡಾಡುತ್ತಿದ್ದಳು. ಕೊನೆಗೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿ ರೆಪ್ಪೆ ಎತ್ತಿಸಿದೆವು. ಅವಳು ಕನ್ನಡಿ ನೋಡಿ ನಕ್ಕ ದಿನ ನಾನು ಮಗ್ಗದ ಹಿಂದೆ ಹೋಗಿ ಅತ್ತುಬಿಟ್ಟೆ.

"ನಿದ್ದೇಲಿ ಆ ರೆಪ್ಪೆ ಪೂರ್ತಿ ಮುಚ್ಚಲ್ಲ, ಗಾಬರಿಯಾಗ್ಬೇಡಿ. ಮುಲಾಮು ಹಚ್ಚಿ, ಒತ್ತಬೇಡಿ," ಎಂದಿದ್ದರು ಡಾಕ್ಟರು.

ಅಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ಕಣ್ಣು ಬಿಟ್ಟು ಮಲಗಿದ ಮಗಳನ್ನು ಕಂಡರೆ ಅವಳಿಗೆ ಹೆಣದ ನೆನಪು. ರಾತ್ರಿ ಎದ್ದು ಬಂದು ಪಕ್ಕದಲ್ಲಿ ಕೂರುವಳು, ಮಂಡಿ ಲಟಕ್ಕೆನ್ನುವುದು. ಹರಳೆಣ್ಣೆ ಅದ್ದಿದ ಹೆಬ್ಬೆರಳಿನಿಂದ ಆ ರೆಪ್ಪೆಯನ್ನು ಮೆಲ್ಲಗೆ ಕೆಳಗಿಳಿಸುವಳು.

ಒಂದು ರಾತ್ರಿ ಕೂಗಾಡಿಬಿಟ್ಟೆ. "ಮುಟ್ಬೇಡಮ್ಮ! ಮಾಡ್ಸಿದ್ದೆಲ್ಲಾ ಹಾಳಾಗುತ್ತೆ. ಇನ್ನೊಂದ್ಸಲ ಮುಟ್ಟಿದ್ರೆ ಸುಮ್ನಿರಲ್ಲ ನಾನು!"

"ಇಲ್ಲ ಕಣಪ್ಪಾ, ಮುಟ್ಟಲ್ಲ," ಎಂದು ಕೈಯನ್ನು ಮಡಿಲಿಗೆಳೆದುಕೊಂಡಳು. ಮತ್ತೆ ಮುಟ್ಟಲೂ ಇಲ್ಲ. ನಾಲ್ಕೇ ದಿನಕ್ಕೆ ಎದೆನೋವು ಬಂದು ತೀರಿಕೊಂಡಳು.

ಸೂತಕದ ಮನೆ. ತಲೆಗಾಗಲಿ ಮೈಗಾಗಲಿ ಯಾರೂ ಎಣ್ಣೆ ಸೋಕಿಸುವಂತಿಲ್ಲ. ಹರಳೆಣ್ಣೆ ಸೀಸೆಯನ್ನೂ ಚಿಕ್ಕಮ್ಮ ತನ್ನ ಮನೆಗೆ ಒಯ್ದಿದ್ದಳು. ಮಗ್ಗ ನಿಂತು ಕಿವಿ ಗುಂಯ್‌ಗುಡುವಷ್ಟು ಮೌನ. ಐದನೆಯ ರಾತ್ರಿ ನನಗೆ ಎಚ್ಚರವಾಯಿತು.

ಲಟಕ್...

ಕಿಟಕಿಯಿಂದ ಬೀದಿದೀಪದ ಬೆಳಕು ಬೀಳುತ್ತಿತ್ತು. ಶಾರದೆ ಮಲಗಿದ್ದಳು, ಎಡರೆಪ್ಪೆ ಅರ್ಧ ತೆರೆದಿತ್ತು. ಹರಳೆಣ್ಣೆಯ ವಾಸನೆ ಗಪ್ಪನೆ ಬಡಿಯಿತು. ನೋಡನೋಡುತ್ತಲೇ ಆ ರೆಪ್ಪೆ ನಿಧಾನಕ್ಕೆ... ಇಳಿಯತೊಡಗಿತು. ಬೆರಳಿಟ್ಟು ಒತ್ತಿದಂತೆ ಚರ್ಮ ಗುಳಿಬಿದ್ದಿತ್ತು.

ದಡಕ್ಕನೆ ಎದ್ದು ಕೂತೆ. "ಯಾರದು?" ಎಂದುಬಿಟ್ಟೆ, ಅದೇ ಗದರುವ ದನಿಯಲ್ಲಿ.

ರೆಪ್ಪೆ ತಟ್ಟನೆ ಮೇಲಕ್ಕೆ ಹೋಯಿತು. ವಾಸನೆಯೂ ಇಲ್ಲವಾಯಿತು.

ಶಾರದೆ ಎದ್ದು ರೆಪ್ಪೆ ಮುಟ್ಟಿಕೊಂಡಳು. "ಅಣ್ಣಾ, ಇಲ್ಲೇನೋ ಜಿಡ್ಡು..."

ಅವಳ ಬೆರಳು ಮೂಸಿದೆ. ಅದು ಮುಲಾಮಲ್ಲ.

ಅವಳು ನನ್ನತ್ತ ತಿರುಗಿದಳು. "ಮತ್ತೆ ಗದರಿದ್ಯೇನಣ್ಣಾ?" ಎಂದಳು.

ಸತ್ತ ಮೇಲೂ ಅಮ್ಮ ನನಗೆ ಹೆದರಿದಳಲ್ಲ! ಮುಂದಿನ ರಾತ್ರಿಗಳೆಲ್ಲ ಗೋಡೆಗೆ ಮುಖ ಮಾಡಿ ಮಲಗಿದೆ. "ಮುಟ್ಟಮ್ಮಾ, ಏನೂ ಅನ್ನಲ್ಲ," ಎಂದು ಪಿಸುಗುಟ್ಟಿದೆ. ಮಂಡಿಯ ಸದ್ದು ಕೇಳಿಸಲಿಲ್ಲ.

ಈಗಲೂ ನಡುರಾತ್ರಿ ಎಚ್ಚರವಾದರೆ ನಾನು ಕೆಮ್ಮುವುದೂ ಇಲ್ಲ.