ಯಮೆ ಅಂದರೆ ಯಮನಲ್ಲ

ನನ್ನ ಕೈ ಮೊದಲಿನಿಂದಲೂ ಬಾಯಿಗಿಂತ ಮುಂದು. ಹೆಮ್ಮೆಯಿಂದ ಹೇಳುತ್ತಿಲ್ಲ. ಹಾಲು ಉಕ್ಕಿದರೆ ಒಲೆಗೆ ಬೈಯುತ್ತೇನೆ, ಮಗಳು ಹಟ ಮಾಡಿದರೆ ಬೈಯುವ ಮೊದಲೇ ಅವಳ ಬೆನ್ನಿಗೆ ಒಂದು ಬಿದ್ದಿರುತ್ತಿತ್ತು. ಆಮೇಲೆ ಸಂಕಟಪಟ್ಟು, ಶೇಂಗಾ ಉಂಡಿ ಕೊಟ್ಟು ರಮಿಸುತ್ತಿದ್ದವಳೂ ನಾನೇ. ಹೀಗಾಗಿ ದಾಂಡೇಲಿಯ ಶಾಲೆಯಿಂದ, ಮಗಳು ಕ್ಲಾಸಿನ ಮಕ್ಕಳನ್ನು ಹೊಡೆಯುತ್ತಾಳೆ ಎಂಬ ದೂರು ಬಂದಾಗ, ಈ ಗುಣ ಯಾರದೆಂದು ಹುಡುಕಲು ದೂರ ಹೋಗಬೇಕಿರಲಿಲ್ಲ. ನಾನು ಮಾತ್ರ ಎಲ್ಲವನ್ನೂ ಗಂಡನ ಕಡೆಯವರ ಮೇಲೆ ಹಾಕಿ ಕೈತೊಳೆದುಕೊಂಡೆ.

ಮೂರನೇ ಸಲ ದೂರು ಬಂದಾಗ ಅವಳಿನ್ನೂ ಮೂರನೇ ತರಗತಿ. ಹೆಡ್ ಮೇಡಂ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, "ಇನ್ನೊಮ್ಮೆ ಹಿಂಗಾತಂದ್ರ ಟಿ.ಸಿ. ತಗೊಂಡು ಹೋಗ್ರಿ" ಅಂದರು. ನನ್ನ ಗಂಡ ಕಾಗದದ ಮಿಲ್ಲಿನಲ್ಲಿ ಪಾಳಿ ಕೆಲಸ ಮಾಡುವವರು, ಮಾತು ಕಡಿಮೆ. ಗೇಟಿನ ಹೊರಗೆ ಬಂದ ಮೇಲೆ, "ಕರಾಟೆಕ್ಕ ಹಾಕೂಣು" ಎಂದಷ್ಟೇ ಹೇಳಿದರು. ನಾನು ರಸ್ತೆಯಲ್ಲೇ ಕೂಗಾಡಿದೆ. ಮೊದಲೇ ಹೊಡೆಯುವ ಹುಡುಗಿಗೆ ಹೊಡೆಯುವುದನ್ನು ಶಾಸ್ತ್ರೋಕ್ತವಾಗಿ ಬೇರೆ ಕಲಿಸಬೇಕೇ? ಅವರು ಜಗಳಕ್ಕೆ ಬರಲಿಲ್ಲ. ಶನಿವಾರ ಸುಮ್ಮನೆ ಅವಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಹೆಸರು ಹಚ್ಚಿ ಬಂದರು.

ಕರಾಟೆ ಸರ್ ಹಳಿಯಾಳದವರು. ವಾರವೆಲ್ಲ ಹಳಿಯಾಳ, ಮುಂಡಗೋಡ, ಜೋಯಿಡಾ ಎಂದು ತಿರುಗಿ, ಶನಿವಾರ ಭಾನುವಾರ ನಮ್ಮ ದಾಂಡೇಲಿಗೆ ಬರುತ್ತಿದ್ದರು. ಎರಡು ತಿಂಗಳಾದರೂ ಅವರು ಒಂದೇ ಒಂದು ಗುದ್ದನ್ನೂ ಕಲಿಸಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಸಾಲಾಗಿ ಇಡುವುದು, ಒಳಗೆ ಬಂದು ಬಗ್ಗಿ ನಮಸ್ಕರಿಸುವುದು, ಮಂಡಿಯೂರಿ ಕೂರುವುದು, ಏಳುವುದು. ಇಷ್ಟೇ. ಕರಾಟೆ ಬೇಡವೆಂದು ಕೂಗಾಡಿದ್ದ ನಾನೇ ತಡೆಯಲಾರದೆ ಹೋಗಿ ಕೇಳಿದೆ: "ಸರ್, ಇನ್ನೂ ಏನೂ ಕಲಿಸಿಲ್ಲಲ್ರಿ?"

"ನಿಲ್ಲೂದು ಕಲಿಸಾಕತ್ತೇನ್ರಿ ಅಕ್ಕಾರ" ಅಂದರು ಅವರು. "ಯಮೆ ಅಂದ ಕೂಡ್ಲೆ ಕೈ ಎಲ್ಲೈತಿ ಅಲ್ಲೇ ನಿಲ್ಲಬೇಕು. ಅದು ಬಂದ ಮ್ಯಾಲೆ ಮುಂದಿಂದು."

ಯಮೆ ಅಂದರೆ ಜಪಾನಿ ಮಾತಿನಲ್ಲಿ ನಿಲ್ಲಿಸು ಎಂದು. ಈ ಶಬ್ದ ನಮ್ಮ ಅತ್ತೆಯ ಕಿವಿಗೆ ಬಿದ್ದದ್ದೇ ಅನಾಹುತವಾಯಿತು. ಒಂದು ಮುಂಜಾನೆ ಅವರು ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದಾರೆ. ಅಂಗಳದಲ್ಲಿ ಮೊಮ್ಮಗಳು "ಯಮೆ! ಯಮೆ!" ಎಂದು ಗಂಟಲು ಹರಿಯುವಂತೆ ಕೂಗುತ್ತ ಅಭ್ಯಾಸ ಮಾಡುತ್ತಿದ್ದಾಳೆ. ಪೂಜೆಯನ್ನು ಅರ್ಧಕ್ಕೆ ಬಿಟ್ಟು ಏಳುವ ಹೆಂಗಸಲ್ಲ ನಮ್ಮತ್ತೆ. ಪೂರ್ತಿ ಮುಗಿಸಿಯೇ ಹೊರಗೆ ಬಂದರು.

"ಶಿವಪೂಜಿ ಹೊತ್ತಿನ್ಯಾಗ ಯಮನ್ನ ಕರೀತಿ ಏನ? ಮನ್ಯಾಗ ವಯಸ್ಸಾದಾಕಿ ನಾ ಒಬ್ಬಾಕಿನ ಅದೇನಿ. ಅಂವ ಬಂದ್ರ ಯಾರನ್ನ ಒಯ್ತಾನ?"

"ಯಮ ಅಲ್ಲ ಅಜ್ಜಿ, ಯಮೆ. ನಿಲ್ಲು ಅಂತ. ಅದು ಜಪಾನಿ."

"ಜಪಾನಿನಾಗ ಹೆಂಗರ ಕರೀಲಿ. ಈ ಮನ್ಯಾಗ ಆ ಹೆಸರು ಬ್ಯಾಡ."

ಅಪ್ಪಣೆ ಆಯಿತು. ಅಂದಿನಿಂದ ಮಗಳು ಮನೆಯಲ್ಲಿ ಅಭ್ಯಾಸ ಮಾಡುವಾಗ ಯಮೆ ಅನ್ನಬೇಕಾದ ಜಾಗಕ್ಕೆ ಬಂದೊಡನೆ ತುಟಿ ಬಿಗಿದುಕೊಂಡು, ಸದ್ದಿಲ್ಲದೆ ಒಳಗೇ ಅಂದುಕೊಳ್ಳುತ್ತಿದ್ದಳು. ನನಗೆ ನೋಡಿ ನಗು ಬರುತ್ತಿತ್ತು. ಕರಾಟೆಯ ಉಳಿದ ಸಂಗತಿಗಳೆಲ್ಲ ಅತ್ತೆಗೆ ಹಿಡಿಸಿದ್ದವು. ಬಾಗಿಲಲ್ಲಿ ದಿಕ್ಕಾಪಾಲಾಗಿ ಬಿದ್ದಿರುತ್ತಿದ್ದ ಚಪ್ಪಲಿಗಳು ಸಾಲಾಗಿದ್ದವು, ಮುಂಜಾನೆ ಎದ್ದ ಮೊಮ್ಮಗಳು ಅಜ್ಜಿಗೆ ಬಗ್ಗಿ ನಮಸ್ಕರಿಸುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಹಳಿಯಾಳದಲ್ಲಿ ಹಳದಿ ಬೆಲ್ಟಿನ ಪರೀಕ್ಷೆ. ಬಸ್ಸು ಬಾರದೆ ಯಾರದೋ ಟೆಂಪೋ ಹತ್ತಿ ಜೋಯಿಡಾ ಕಡೆಯ ಕುಂಬಾರವಾಡದಿಂದ ಬಂದಿದ್ದ ಹುಡುಗಿ ಕೂಡ ಪಾಸಾದಳು. ನನ್ನ ಮಗಳು ನಪಾಸು.

"ಹೊಡತ ಎಲ್ಲಾರಿಗಿಂತ ಚಲೋ ಐತ್ರಿ" ಅಂದರು ಸರ್. "ಆದ್ರ ಯಮೆ ಅಂದ ಮ್ಯಾಲೂ ಇನ್ನೊಂದು ಹೊಡದ್ಲು."

ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಅತ್ತಳು. ಅಳು ನಿಲ್ಲಿಸು ಎಂದು ಗದರಿಸಿ, ನಿಲ್ಲಿಸದಿದ್ದಾಗ ತೊಡೆಗೆ ಒಂದು ಕೊಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವತ್ತು ಆ ಬಸ್ಸಿನಲ್ಲಿ ನಪಾಸಾದವರು ಇಬ್ಬರಿದ್ದೆವು, ನನಗೆ ಒಬ್ಬಳೇ ಕಂಡಿದ್ದಳು.

ಎರಡು ತಿಂಗಳ ನಂತರ ಒಂದು ಸಂಜೆ ಅವಳು ಶಾಲೆಯಿಂದ ಬಂದಾಗ ಅಂಗಿಯ ತೋಳು ಹರಿದಿತ್ತು. ಕೆನ್ನೆಯ ಮೇಲೆ ಉಗುರಿನ ಗೀರು. ಕೈಯಲ್ಲೊಂದು ಚೀಟಿ: ನಾಳೆ ಪಾಲಕರು ಬಂದು ಕಾಣಬೇಕು. ನನಗೆ ಟಿ.ಸಿ. ಕಣ್ಣಿಗೆ ಕಟ್ಟಿದಂತಾಯಿತು. ಏನಾಯಿತೆಂದು ಕೇಳಲಿಲ್ಲ. ಕೈ ಎತ್ತಿದೆ.

"ಯಮೆ!"

ಕೈ ಅಲ್ಲೇ ನಿಂತಿತು. ಕೂಗಿದ್ದು ಮಗಳಲ್ಲ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆ. ಮೊರ ಇನ್ನೂ ಅವರ ಕೈಯಲ್ಲೇ ಇತ್ತು.

"ಮೊದ್ಲ ಏನಾಗೈತಿ ಕೇಳು" ಅಂದರು.

ಕೇಳಿದೆ. ಕ್ಲಾಸಿನ ಹುಡುಗನೊಬ್ಬ ಜಡೆ ಹಿಡಿದು ಜಗ್ಗಿದ್ದ, ಬಿಡಿಸಿಕೊಳ್ಳಲು ಹೋದಾಗ ಪರಚಿ ಅಂಗಿಯ ತೋಳು ಹರಿದಿದ್ದ. "ನಾ ಮುಷ್ಟಿ ಎತ್ತಿದ್ನಿ ಅವ್ವಾ. ಅವನ ಮೂಗಿನ ಹತ್ರ ಹೋಗಿತ್ತು. ಆಮ್ಯಾಲೆ ಮನಸಿನ್ಯಾಗ ಯಮೆ ಅಂದ್ಕೊಂಡ್ನಿ. ನಿಂತ್ತು."

"ಮನಸಿನ್ಯಾಗ ಯಾಕ?" ಕೇಳಿದೆ ನಾನು.

"ಬಾಯಿಬಿಟ್ಟು ಅಂದ್ರ ಅಜ್ಜಿ ಬೈತಾಳಲ್ಲ. ಅದ ರೂಢಿ ಆಗೈತಿ."

ಅತ್ತೆ ಜೋಳದ ಕಡೆ ನೋಡುತ್ತಿದ್ದರು.

ನಂಬಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನ ಚೀಟಿ ಹಿಡಿದುಕೊಂಡು ಶಾಲೆಯ ಮೆಟ್ಟಿಲು ಹತ್ತಿದೆ. ಹೆಡ್ ಮೇಡಂ ನನ್ನ ಮುಖ ನೋಡಿಯೇ, "ಹೆದರಬ್ಯಾಡ್ರಿ, ಕೂಡ್ರಿ" ಅಂದರು. "ನಾ ಕಿಡಕ್ಯಾಗಿಂದ ನೋಡೇನಿ. ಹೊಡಿಲಿಲ್ಲ ನಿಮ್ಮ ಹುಡುಗಿ. ಎತ್ತಿದ ಕೈ ಇಳಿಸಿ ಸೀದಾ ನನ್ನ ಕಡೆ ಬಂದ್ಲು. ಆ ಹುಡುಗನ ಮನಿಯವರನ್ನೂ ಕರಸೇನಿ. ಟಿ.ಸಿ. ಮಾತು ಮರತುಬಿಡ್ರಿ."

ಹೊರಗಿನ ಕಟ್ಟೆಯ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತುಬಿಟ್ಟೆ. ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಜೀವ ಹಗುರವಾಗಿತ್ತು. ಆಮೇಲೆ ಮುಖ ತೊಳೆದುಕೊಂಡು, ಪೇಟೆಯಲ್ಲಿ ಅವಳಿಗೆ ಹೊಸ ರಿಬ್ಬನ್ ತೆಗೆದುಕೊಂಡು ಮನೆಗೆ ಹೋದೆ.

ಅತ್ತೆಗೆ ಎಲ್ಲವನ್ನೂ ಹೇಳಿ, ಖುಷಿಯಲ್ಲಿ ಸ್ವಲ್ಪ ಚುಡಾಯಿಸಲೂ ನೋಡಿದೆ. "ಅಲ್ರೀ ಅತ್ತಿ, ನಿನ್ನೆ ನೀವ ಆ ಹೆಸರು ಕರದ್ರಲ್ಲ. ಹೆದರಿಕಿ ಆಗಲಿಲ್ಲೇನ್ರಿ?"

"ಆತು" ಅಂದರು ಅವರು, ನಗದೆ. "ನಿನ್ನ ಕೈ ನೋಡಿ ಅದಕ್ಕಿಂತ ಹೆಚ್ಚಿಗಿ ಆತು."

ನನ್ನ ನಗು ಅಲ್ಲಿಗೇ ನಿಂತಿತು.

ಮುಂದಿನ ಪರೀಕ್ಷೆ ಮುಂಡಗೋಡದಲ್ಲಿ ನಡೆಯಿತು, ಮಗಳು ಹಳದಿ ಬೆಲ್ಟ್ ಕಟ್ಟಿಕೊಂಡು ಬಂದಳು. ನನಗೆ ಈಗಲೂ ಸಿಟ್ಟು ಬರುತ್ತದೆ, ಅದೇನೂ ಬಿಟ್ಟು ಹೋಗಿಲ್ಲ. ಬಂದಾಗ ಅಡುಗೆಮನೆಯಲ್ಲಿ ತುಟಿ ಬಿಗಿದುಕೊಂಡು, ಅವಳ ಹಾಗೆಯೇ, ಒಳಗೇ ಒಮ್ಮೆ ಅಂದುಕೊಳ್ಳುತ್ತೇನೆ. ಹಾಗೆ ನಿಂತಿದ್ದು ಅವಳ ಕಣ್ಣಿಗೆ ಬಿದ್ದರೆ, ಮಾಡುತ್ತಿದ್ದ ತುಂಟತನ ಬಿಟ್ಟು, ಎರಡೂ ಕೈ ಪಕ್ಕಕ್ಕೆ ಹಚ್ಚಿ, ನನಗೆ ಬಗ್ಗಿ ನಮಸ್ಕರಿಸುತ್ತಾಳೆ.