ಚರಗ ಚೆಲ್ಲಿದ ಅಂಬಾಬಾಯಿ

ನಮ್ಮ ನವಶಿಖರದಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳುವುದು ಒಂದೇ ಕಡೆ, ಕ್ಲಬ್‌ಹೌಸಿನ ಹಿಂದೆ ನಿಲ್ಲುವ ಅಂಬಾಬಾಯಿಯ ಗಾಡಿಯಲ್ಲಿ. ಉಳಿದೆಡೆ ಎಲ್ಲವೂ ಸದ್ದಿಲ್ಲದೆ ನಡೆಯುತ್ತದೆ. ಮರಾಠಿ ಸೀಮೆಯ ಕೊಂಢವಾ ದಾಟಿ, ಗುಡ್ಡದ ಆಚೆ ಮಗ್ಗುಲಿಗೆ ಒಂದು ಕಂಪನಿ ಕಟ್ಟಿದ ಊರು ಇದು. ರಸ್ತೆ ಕಂಪನಿಯದು, ನೀರು ಕಂಪನಿಯದು, ಕಾವಲು, ಶಾಲೆ, ದವಾಖಾನೆ, ಕಸದ ಗಾಡಿ ಎಲ್ಲ ಕಂಪನಿಯವೇ. ಊರೊಳಗಿನ ಕಾಯ್ದೆ ಮಾಡುವುದೂ ಕಂಪನಿಯೇ, ಅದಕ್ಕೆಂದು ಸರಕಾರ ಬೇರೆ ಸನ್ನದು ಕೊಟ್ಟಿದೆ. ಇಲ್ಲಿ ಮಹಾನಗರಪಾಲಿಕೆ ಇಲ್ಲ, ಅದಕ್ಕೆ ವಾರ್ಡಿನಿಂದ ಆರಿಸಿ ಹೋಗುವ ನಗರಸೇವಕರಿಲ್ಲ, ಊರಿನ ಮಟ್ಟಿಗೆ ಚುನಾವಣೆಯೂ ಇಲ್ಲ.

ನಾನು ಶಿವಪ್ರಕಾಶ, ಮೂಲ ಜಮಖಂಡಿ. ಶಿವಾಜಿನಗರದ ಕೋರ್ಟಿನಲ್ಲಿ ಗುಮಾಸ್ತಿಕೆ ಮಾಡಿಕೊಂಡು ಬಿಬವೇವಾಡಿಯಲ್ಲಿ ಅರ್ಧ ಆಯುಷ್ಯ ಕಳೆದವನು. ಅಲ್ಲಿ ಬೆಳಗಾದರೆ ಮನೆ ಎದುರಿನ ಫ್ಲೆಕ್ಸಿನಲ್ಲಿ ಕೊರಳ ತುಂಬ ಬಂಗಾರ ಹಾಕಿಕೊಂಡ ಒಬ್ಬ ‘ಭಾವೀ ನಗರಸೇವಕ’ ಕೈ ಮುಗಿದು ನಿಂತಿರುತ್ತಿದ್ದ. ಅವನ ಹುಟ್ಟುಹಬ್ಬಕ್ಕೆ ಡಿಜೆ, ಅವನ ಫ್ಲೆಕ್ಸಿನ ಕೆಳಗೆ ತಗ್ಗು, ತಗ್ಗಿನಲ್ಲಿ ನನ್ನ ಸ್ಕೂಟರು. ಇಲ್ಲಿಗೆ ಬಂದ ದಿನ ನಾನೂ ಹೆಂಡತಿ ಲೀಲಾಕ್ಷಿಯೂ ಮೊದಲು ಮಾಡಿದ ಕೆಲಸ ನಲ್ಲಿ ತಿರುಗಿಸಿ ನೋಡಿದ್ದು. ಮಟಮಟ ಮಧ್ಯಾಹ್ನ ನೀರು ಬಂತು. ಮನಸ್ಸಿನಲ್ಲೇ ಕಂಪನಿಗೆ ಕೈ ಮುಗಿದೆ. ಈಗಲೂ ಮುಗಿಯುತ್ತೇನೆ, ಆದರೆ ಕಣ್ಣು ತೆರೆದಿಟ್ಟುಕೊಂಡು.

ಅಂಬಾಬಾಯಿ ಸುರಪುರದ ಕಡೆಯಾಕೆ. ಗಂಡ ತಾಯಪ್ಪ ಗೌಂಡಿ, ಆಕೆ ಅವನಿಗೆ ಮಾಲು ಹೊತ್ತು ಕೊಡುವ ಕೈಯಾಳು. ಕೊಂಢವಾದಲ್ಲಿ ಕಟ್ಟುತ್ತಿರುವ ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಇರುವುದು, ಕಟ್ಟಡ ಮುಗಿದು ಮಾಲೀಕರು ಪೂಜೆ ಮಾಡುವ ಹೊತ್ತಿಗೆ ಶೆಡ್ಡು ಬಿಚ್ಚಿ ಮುಂದಿನ ಕಟ್ಟಡಕ್ಕೆ ಹೋಗುವುದು. ಹೀಗೆ ಎಷ್ಟು ಮನೆಗಳ ಗೋಡೆ ಎಬ್ಬಿಸಿದರೋ ಅವರಿಗೇ ಲೆಕ್ಕವಿಲ್ಲ. ಟ್ಯಾಂಕರ್ ನೀರಿಗೆ ಜಗಳ, ಬಯಲಿಗೆ ಹೋಗಲು ಕತ್ತಲಾಗುವುದನ್ನೇ ಕಾಯುವುದು, ಮಗಳು ರೇಣು ದೊಡ್ಡವಳಾದ ಮೇಲೆ ಅವಳ ಹಿಂದೆಯೇ ಕೋಲು ಹಿಡಿದು ನಡೆಯುವುದು.

ನವಶಿಖರ ಕಟ್ಟಲು ಬಂದವರು ಇಲ್ಲಿಯೇ ಉಳಿದರು. ಕೆಲಸಗಾರರಿಗೆ ಕಂಪನಿ ಪಕ್ಕಾ ಖೋಲಿ ಕೊಟ್ಟಿತು, ರೇಣುವನ್ನು ಶಾಲೆಗೆ ಸೇರಿಸಿಕೊಂಡಿತು. ರೊಟ್ಟಿ ಗಾಡಿ ಇಡುತ್ತೇನೆಂದು ಅಂಬಾಬಾಯಿ ಕೇಳಿದಾಗ ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಪರವಾನಗಿ ಬಂತು. ಯಾರ ಕಾಲಿಗೂ ಬೀಳಬೇಕಾಗಲಿಲ್ಲ, ಯಾರಿಗೂ ಹಫ್ತಾ ಇಲ್ಲ. ಹೊಸ ಊರಿನಲ್ಲಿ ನಿನಗೆ ಯಾವುದು ಚೆನ್ನಾಗಿ ಕಂಡಿತು ಎಂದು ಲೀಲಾಕ್ಷಿ ಒಮ್ಮೆ ಆಕೆಯನ್ನು ಕೇಳಿದಳು. ಕಾರಂಜಿ, ಕೆರೆ, ಹೂವಿನ ರಸ್ತೆ ಏನಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ.

“ಪಾಯಖಾನಿ ಬಾಗಿಲಿಗಿ ಒಳಗಿಂದ ಚಿಲಕ ಅದರಿ ಕಾಕು,” ಅಂದಳು. “ನನ್ನ ಮಗಳು ಒಬ್ಬಾಕಿನೇ ಹೋಗಿ ಬರ್ತಾಳ.”

ಮುಂದೆ ನಡೆದದ್ದಕ್ಕೆಲ್ಲ ಆ ಚಿಲಕವೇ ಕಾರಣ ಎಂದರೂ ತಪ್ಪಿಲ್ಲ.

ನಮ್ಮ ಕಡೆ ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಸಜ್ಜೆ ಕಡುಬು, ಭಜ್ಜಿ ಪಲ್ಲೆ, ರೊಟ್ಟಿ, ಶೇಂಗಾ ಹೋಳಿಗೆ ಎಲ್ಲ ಕಲಸಿ, ತಾವು ಉಣ್ಣುವ ಮೊದಲು ಭೂಮಿತಾಯಿಗೆ ಉಣಿಸುವುದು. ಮುಂದೆ ಒಬ್ಬರು ಹಿಡಿ ಹಿಡಿಯಾಗಿ ಚೆಲ್ಲುತ್ತ ಕೂಗಬೇಕು, ಹಿಂದೆ ಒಬ್ಬರು ನೀರು ಚಿಮುಕಿಸುತ್ತ ಮರುಕೂಗು ಕೊಡಬೇಕು. ಅಂಬಾಬಾಯಿಗೆ ಸ್ವಂತ ಹೊಲ ಎಂದೂ ಇರಲಿಲ್ಲ, ಊರಲ್ಲಿದ್ದಾಗ ಗೌಡರ ಹೊಲದಲ್ಲಿ ಚೆಲ್ಲುತ್ತಿದ್ದಳು. ಕೊಂಢವಾದಲ್ಲಿ ಕಾಂಕ್ರೀಟಿನ ಮೇಲೆ ಚೆಲ್ಲುವುದು ಹೇಗೆಂದು ಬಿಟ್ಟುಬಿಟ್ಟಿದ್ದಳು. ಇಲ್ಲಿ ನಡುವೆ ಒಂದು ದೊಡ್ಡ ಹುಲ್ಲುಹಾಸಿದೆ. ಅದರ ಕೆಳಗಿನ ಮಣ್ಣು ಆಕೆಯೇ ಬುಟ್ಟಿಯಲ್ಲಿ ಹೊತ್ತು ಹಾಕಿದ್ದು. ಉಣ್ಣಲು ಕೊಟ್ಟ ನೆಲ ಇದೇ ತಾನೆ, ಇದಕ್ಕೆ ಉಣಿಸದೆ ಇನ್ಯಾವುದಕ್ಕೆ ಉಣಿಸಲಿ ಅಂದುಕೊಂಡಳು. ಹೋದ ವರ್ಷದ ಎಳ್ಳ ಅಮವಾಸ್ಯೆಗೆ ಬುಟ್ಟಿ ಹೊತ್ತು ಹೊರಟೇಬಿಟ್ಟಳು.

ತಾಯಪ್ಪನಿಗೆ ಅಂದು ರಜೆ ಸಿಕ್ಕಿರಲಿಲ್ಲ. ತಾನೇ ಚೆಲ್ಲಿ, ತಾನೇ ನೀರು ಚಿಮುಕಿಸಿ, ಮರುಕೂಗು ಕೊಡುವವರಿಲ್ಲದ್ದರಿಂದ ಬಾಯೊಳಗೇ ಕೂಗಿಕೊಂಡಳಂತೆ. ಅತ್ತ ಕಾಗೆ, ಪಾರಿವಾಳ, ಎಲ್ಲಿಂದಲೋ ಎರಡು ನಾಯಿ ಬಂದು ಹಬ್ಬ ಮಾಡಿದವು. ಕ್ಯಾಮೆರಾ ಎಲ್ಲವನ್ನೂ ನೋಡಿತು. ಸಂಜೆ ಸೊಪ್ಪು ತಂದು ಒಳಗೆ ಬರುವಾಗ ಗೇಟಿನಲ್ಲಿ ಕಂಪನಿ ಕೆಲಸದವರಿಗೆ ಕೊಡುವ ಪಾಸು ತೋರಿಸಿದರೆ ಕೆಂಪು ದೀಪ ಹತ್ತಿತು. ಸಾರ್ವಜನಿಕ ಜಾಗದಲ್ಲಿ ಕಸ ಚೆಲ್ಲಿದ್ದಕ್ಕೆ ಪಾಸು ರದ್ದು. ಮನೆಯಲ್ಲಿ ಒಬ್ಬರ ಪಾಸು ಹೋದರೂ ಗಾಡಿ ಹೋಯಿತು, ಖೋಲಿ ಹೋಯಿತು, ರೇಣುವಿನ ಶಾಲೆಯೂ ಹೋಯಿತು.

ಕೋರ್ಟಿನಲ್ಲಿ ಕೂದಲು ಬೆಳ್ಳಗಾದವನು ನಾನು, ಮೇಲ್ಮನವಿ ಎಂದರೆ ನನಗೆ ಚಹಾ ಕುಡಿದಂತೆ. ಜಂಬದಿಂದಲೇ ಆಕೆಯನ್ನು ಕರೆದುಕೊಂಡು ಆಫೀಸಿಗೆ ಹೋದೆ. ಊರು ನೋಡಿಕೊಳ್ಳುವ ಅಧಿಕಾರಿ ಪೂರ್ವಾ, ಮರಾಠಿ ಹುಡುಗಿ, ಮರ್ಯಾದಸ್ಥೆ, ನನಗೆ ನೀರು ಕೊಟ್ಟು ಕೂರಿಸಿದಳು. ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ನಿಯಮ ಎಲ್ಲರಿಗೂ ಒಂದೇ, ಅದಕ್ಕೇ ಅಲ್ಲವೇ ನೀವೂ ಇಲ್ಲಿಗೆ ಬಂದದ್ದು ಎಂದಳು. ಹೌದು, ಆದರೆ ಫ್ಲ್ಯಾಟಿನವರು ಕಸ ಹಾಕಿದರೆ ದಂಡ, ಕೆಲಸದವರು ಹಾಕಿದರೆ ಪಾಸೇ ರದ್ದು, ಇದು ಹೇಗೆ ಒಂದೇ ಎಂದೆ. ಹುಡುಗಿ ನಿಯಮದ ಪುಸ್ತಕ ತೆಗೆದು ತೋರಿಸಿದಳು. ಹಾಗಾದರೆ ಇದರ ಮೇಲೆ ಯಾರನ್ನು ಕೇಳಬೇಕು ಎಂದೆ. ಮುಂಬೈಯಲ್ಲಿ ಕಂಪನಿಯ ಮಂಡಳಿ ಇದೆ, ಅವರು ಇಂಥದ್ದನ್ನೆಲ್ಲ ಕೇಳುವುದಿಲ್ಲ, ನನಗೂ ಮೇಲೆ ಕೇಳಲು ಯಾರೂ ಇಲ್ಲ ಕಾಕಾ ಎಂದಳು. ಆ ಕ್ಷಣ ಬಿಬವೇವಾಡಿಯ ಆ ಬಂಗಾರದ ಕೊರಳಿನವನು ನನಗೆ ದೇವರ ಹಾಗೆ ಕಂಡ. ಕಳ್ಳನೇ ಇರಲಿ, ಅವನ ಮನೆ ಬಾಗಿಲು ಬಡಿಯಬಹುದಾಗಿತ್ತು. ಐದು ವರ್ಷಕ್ಕೊಮ್ಮೆ ಅವನೂ ನಮ್ಮ ಬಾಗಿಲಿಗೆ ಬರುತ್ತಿದ್ದ.

ಪೂರ್ವಾಳೇ ಒಂದು ದಾರಿ ಹೇಳಿದಳು. ಇಬ್ಬರು ಸಾಕ್ಷಿಗಳ ಎದುರಿಗೆ ‘ಕಸ ಚೆಲ್ಲಿದೆ, ತಪ್ಪಾಯಿತು’ ಎಂದು ಅಂಬಾಬಾಯಿ ಒಪ್ಪಿಕೊಂಡರೆ, ಒಂದು ಸಲಕ್ಕೆ ಪಾಸು ತಿರುಗಿ ಕೊಡಬಹುದು. ನನಗೆ ಹೋದ ಜೀವ ಬಂದಂತಾಯಿತು.

“ಒಂದ ಮಾತು ಅಂದ್ಬಿಡು ಅಂಬವ್ವ,” ಎಂದೆ. “ರೇಣು ಸಾಲಿ ನೆನಸ್ಕೋ.”

ಆಕೆ ತಲೆ ಅಲ್ಲಾಡಿಸಿದಳು.

“ಕೇಳ್ದೆ ಹುಲ್ಲಿನ್ಯಾಗ ಹೋಗೀನಿ, ಅದು ತಪ್ಪೇ ಆಗ್ಯಾದ್ರಿ ಕಾಕಾ, ಕೈ ಮುಗಿದು ಅಂತೀನಿ. ಕಸ ಅಂತ ಮಾತ್ರ ಹೆಂಗ ಅನ್ಲಿ? ಈ ಭೂಮಿತಾಯಿ ನಮಗ ಇಷ್ಟೆಲ್ಲ ಕೊಟ್ಟಾಳ. ಆಕಿಗಿ ಉಣಿಸಿದ್ದು ಕಸ ಅಂದ್ರ ನಾಳಿಗಿ ಯಾವ ಮಾರಿ ತೋರಸ್ಲಿ?”

ಅದನ್ನು ಪೂರ್ವಾಳಿಗೆ ಮರಾಠಿಯಲ್ಲಿ ಹೇಳಿದೆ. ಆಕೆಗೂ ಏನೋ ಅನ್ನಿಸಿರಬೇಕು, ಆದರೆ ಕಂಪನಿಗೆ ಬೇಕಾದದ್ದು ಆ ಒಂದೇ ಮಾತು. ನನಗೆ ಅಂಬಾಬಾಯಿಯ ಮೇಲೆ ವಿಪರೀತ ಸಿಟ್ಟು ಬಂತು. ಮಗಳ ಶಾಲೆಗಿಂತ ಹೆಚ್ಚಾಯಿತೇ ನಿನಗೆ ಕಡುಬಿನ ಮಾನ ಎಂದು ದಾರಿಯುದ್ದಕ್ಕೂ ಬೈದೆ. ಆಕೆ ಅಳುತ್ತಿದ್ದಳು, ಆದರೆ ತಿರುಗಿ ಆಫೀಸಿನ ಕಡೆ ನೋಡಲಿಲ್ಲ.

ಖೋಲಿ ಬಿಟ್ಟರು. ಗೇಟಿನಾಚೆ ಹಳೆಯ ಹಳ್ಳಿ ಇದೆ, ಅದರ ಪಂಚಾಯಿತಿ ನಡೆಸುವ ಸರಪಂಚ ಬಾಯಿ ಒಂದು ಕೋಣೆ ಕೊಡಿಸಿ, ರಸ್ತೆ ಬದಿಯ ಹುಣಸೆಮರದ ಕೆಳಗೆ ಒಲೆ ಹೂಡಲು ಹೇಳಿದರು. ತಗ್ಗುಗುಂಡಿಯ ರಸ್ತೆ, ಧೂಳು, ವಾರಕ್ಕೆ ಎರಡು ದಿನ ನೀರು. ರೇಣುವಿಗೆ ಶಾಲೆ ಇಲ್ಲ. ತಾಯಿ ಮತ್ತೆ ಕೋಲು ಹಿಡಿದು ಮಗಳ ಹಿಂದೆ ಹೋಗುವುದನ್ನು ನಾನೇ ಕಂಡೆ. ಅಂದು ನನಗೆ ಊಟ ಸೇರಲಿಲ್ಲ.

ಮನೆಯಲ್ಲಿ ಕೂತು ಕಂಪನಿಯನ್ನು ಬೈಯುತ್ತಿದ್ದವನ ಕೈಗೆ ಲೀಲಾಕ್ಷಿ ಡಬ್ಬಿ ಕೊಟ್ಟಳು.

“ಗೇಟಿನ ಒಳಗ ಕಂಪನಿ ರಾಜ್ಯ ಅದ. ಹೊರಗ ಹೋಗಿ ರೊಟ್ಟಿ ತರಾಕ ಯಾರನ್ನ ಕೇಳಬೇಕ್ರಿ? ನಡೀರಿ.”

ಒಳಗೆ ಗುಂಪು ಕೂಡುವಂತಿಲ್ಲ ಎಂಬ ನಿಯಮವಿದೆ. ಹೊರಗೆ ಹುಣಸೆಮರದ ಕೆಳಗೆ ಸರದಿ ನಿಲ್ಲುವುದಕ್ಕೆ ಯಾವ ನಿಯಮ? ಮೊದಲು ನಾವಿಬ್ಬರು, ಆಮೇಲೆ ನಮ್ಮ ಮಹಡಿಯವರು, ಆಮೇಲೆ ರೊಟ್ಟಿಯ ರುಚಿ ಹತ್ತಿದ ಮರಾಠಿ, ಗುಜರಾತಿ, ತಮಿಳು ಮಂದಿಯೆಲ್ಲ ಬಿಳಿ ಬೂಟಿಗೆ ಧೂಳು ಮಾಡಿಕೊಂಡು ಬರತೊಡಗಿದರು. ಲಿಫ್ಟಿನಲ್ಲಿ ಬರೀ ನಕ್ಕು ಸುಮ್ಮನಾಗುತ್ತಿದ್ದವರು ರೊಟ್ಟಿ ಬೇಯುವ ತನಕ ಮಾತಿಗಿಳಿದರು. ಒಬ್ಬರಿಗೆ ಕೇಳದೆಯೇ ಶುಲ್ಕ ಏರಿಸಿದ್ದರು, ಇನ್ನೊಬ್ಬರ ಕಿಟಕಿ ಮುಂದೆ ಹೇಳದೆಯೇ ಗೋಡೆ ಎಬ್ಬಿಸಿದ್ದರು. ಎಲ್ಲರೂ ಒಳಗೊಳಗೇ ನುಂಗಿಕೊಂಡಿದ್ದರು. ಊರೊಳಗೆ ಇಲ್ಲದ ನಗರಸಭೆ ಆ ಮರದ ಕೆಳಗೆ ತಾನಾಗಿಯೇ ಕೂಡಿತು, ಅಂಬಾಬಾಯಿಗೆ ಹಿಟ್ಟು ನಾದಲು ಕೈ ಸಾಲದಾಯಿತು.

ಒಂದು ಸಂಜೆ ಪೂರ್ವಾಳೂ ಸರದಿಯಲ್ಲಿ ನಿಂತಿದ್ದಳು. ರೊಟ್ಟಿ, ಭಜ್ಜಿ ತಿಂದು, ಕೈ ತೊಳೆದು, ಅಲ್ಲಿಂದಲೇ ಮುಂಬೈಗೆ ಫೋನು ಮಾಡಿದಳು. ಇಷ್ಟು ಮನೆಯವರು ಕೇಳುತ್ತಿದ್ದಾರೆ, ಉತ್ತರ ಕೊಡುವವರು ಯಾರು ಎಂದು ಆಕೆ ಕೇಳಿದ್ದನ್ನು ನಾನು ಹತ್ತಿರವೇ ನಿಂತು ಕೇಳಿಸಿಕೊಂಡೆ. ವಾರ ಕಳೆಯುವ ಮೊದಲು ಪಾಸು ತಿರುಗಿ ಬಂತು. ಯಾವ ಮಾತನ್ನೂ ಒಪ್ಪಿಕೊಳ್ಳಬೇಕಾಗಲಿಲ್ಲ. ಈಗ ತಿಂಗಳಿಗೊಮ್ಮೆ ಪೂರ್ವಾಳ ಆಫೀಸಿನಲ್ಲಿ ಮನೆಯವರೂ ಕೆಲಸದವರೂ ಕೂಡಿ ಕೂರುತ್ತೇವೆ. ನಮಗೆ ಅಧಿಕಾರವಿಲ್ಲ, ಚಹಾ ಇದೆ. ಕಂಪನಿ ಮನಸ್ಸು ಮಾಡಿದರೆ ನಾಳೆ ಅದೂ ನಿಲ್ಲಬಹುದು, ಆದ್ದರಿಂದ ನಾನು ಕೋರ್ಟಿನ ಹಳೆಯ ಗೆಳೆಯರನ್ನು ಕಂಡು ಆ ಸನ್ನದನ್ನು ಓದಿಸುತ್ತಿದ್ದೇನೆ.

ಇಷ್ಟೆಲ್ಲ ಆದಮೇಲೂ ಒಳಗೇ ಹೋಗುತ್ತೀಯಾ ಎಂದು ಅಂಬಾಬಾಯಿಯನ್ನು ಕೇಳಿದ್ದೆ. ಚಿಲಕ ಅದಲ್ಲರಿ ಎಂದು ಆಕೆ ನಕ್ಕಳು. ಸರಪಂಚ ಬಾಯಿಗೆ ಹೋಳಿಗೆ ಕೊಟ್ಟು, ಕಾಲು ಮುಟ್ಟಿ ನಮಸ್ಕರಿಸಿ, ರೇಣುವಿನ ಕೈ ಹಿಡಿದು ಗೇಟು ದಾಟಿದಳು. ಆ ಹೊತ್ತು ನನ್ನ ಕಣ್ಣು ತುಂಬಿ ಬಂತು.

ಈ ಸಲದ ಎಳ್ಳ ಅಮವಾಸ್ಯೆಗೆ ತಿಂಗಳ ಸಭೆಯಲ್ಲಿ ಕೇಳಿಯೇ ಜಾಗ ಪಡೆದೆವು. ಕಂಪನಿ ತನ್ನ ಬುದ್ಧಿಗೆ ತಕ್ಕಂತೆ ಗೊಬ್ಬರದ ಗುಂಡಿಯ ಪಕ್ಕದ ಮೂಲೆ ಕೊಟ್ಟಿತು. ಮಣ್ಣಿಗೆ ಅದೇ ಚಲೋ ಎಂದು ಅಂಬಾಬಾಯಿ ಸೀರೆ ಸೆರಗು ಸಿಕ್ಕಿಸಿ ನಿಂತಳು. ತಾಯಪ್ಪ ನೀರಿನ ತಂಬಿಗೆ ಹಿಡಿದ. ಆಕೆ ಮೊದಲ ಹಿಡಿ ಚೆಲ್ಲಿ, ಹೋದ ವರ್ಷದ ಅಂಜಿಕೆ ಇನ್ನೂ ಉಳಿದಿತ್ತೇನೋ, ಮೆಲ್ಲಗೆ ಕೂಗಿದಳು. ತಾಯಪ್ಪ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಲೀಲಾಕ್ಷಿ ಮರುಕೂಗು ಕೊಟ್ಟಳು, ರೇಣು ಕೊಟ್ಟಳು, ನಾನು ಕೊಟ್ಟೆ, ಮಾತು ತಿಳಿಯದ ಪೂರ್ವಾಳೂ ಸರದಿಯ ಮಂದಿಯೂ ಬಾಯಿಗೆ ಬಂದಂತೆ ಕೂಗಿದರು. ಅಂಬಾಬಾಯಿ ನಿಂತು ಹಿಂತಿರುಗಿ ನಮ್ಮೆಲ್ಲರನ್ನೂ ನೋಡಿದಳು. ಆಮೇಲೆ ಇನ್ನೊಂದು ಹಿಡಿ ತುಂಬಿಕೊಂಡು, ಗೇಟಿನಾಚೆಯ ಹುಣಸೆಮರಕ್ಕೂ ಕೇಳುವಂತೆ ಕೂಗಿದಳು.